ಮೊಮ್ಮಗಳಿಗೊಂದು ರನ್‌ವೇ ಕೊಡಿ ಸ್ವಾಮಿ

ನಮ್ಮ ಅಳಿಯನನ್ನು ಹುಡುಕುವುದಕ್ಕೂ ಇಷ್ಟು ದಿನ ಹಿಡಿದಿರಲಿಲ್ಲ. ಮಗುವನ್ನು ಕೂರಿಸಿ ತಳ್ಳುವ ಒಂದು ಗಾಡಿ, ಅದೇ ಸ್ಟ್ರಾಲರ್, ಆರಿಸೋಕೆ ಮಗಳು ಮೂರು ವಾರ ತಗೊಂಡಳು. ರಾತ್ರಿ ಹನ್ನೊಂದಾದರೂ ಮುಖದ ಮೇಲೆ ಫೋನಿನ ಬೆಳಕು. "ಅಪ್ಪ, ಇದನ್ನ ಒಂದೇ ಕೈಯಲ್ಲಿ ಮಡಚಬಹುದು. ಇದಕ್ಕೆ ನಾಲ್ಕು ಚಕ್ರಕ್ಕೂ ಸಸ್ಪೆನ್ಷನ್ ಇದೆ. ಇದು ವಿಮಾನದಲ್ಲಿ ಸೀಟಿನ ಮೇಲಿನ ಗೂಡಿಗೇ ಹೋಗುತ್ತೆ." ಬೆಲೆ 4 ಸಾವಿರದಲ್ಲಿ ಶುರುವಾಗಿ ನನ್ನ ಮೊದಲ ಸ್ಕೂಟರಿನ ಬೆಲೆಯನ್ನು ಯಾವಾಗಲೋ ದಾಟಿಹೋಗಿತ್ತು. ನಾನು ಒಂದೇ ಪ್ರಶ್ನೆ ಕೇಳಿದೆ. "ಎಲ್ಲಿ ತಳ್ತೀಯಮ್ಮ?"

"ನಿಂಗೆ ಎಲ್ಲದರಲ್ಲೂ ಕೊಂಕು" ಅಂದಳು.

ಗಾಡಿ ಬಂತು. ಬೂದು ಬಣ್ಣ, ಐದು ಕಡೆ ಬಿಗಿಯುವ ಬೆಲ್ಟು, ತಳ್ಳುವವರ ಕಾಫಿ ಲೋಟ ಇಡೋಕೆ ಒಂದು ಬಳೆ. ನನ್ನಾಕೆ ಹಿಡಿಕೆಗೆ ಕುಂಕುಮ ಹಚ್ಚಿ, ನಾಲ್ಕು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟಳು. ಆ ಚಕ್ರಗಳು ಇವತ್ತಿನವರೆಗೆ ಸಲೀಸಾಗಿ ಹತ್ತಿ ಇಳಿದಿರುವುದು ಆ ನಿಂಬೆಹಣ್ಣುಗಳನ್ನು ಮಾತ್ರ.

ಪಾರ್ಕು ನಮ್ಮ ಮನೆಯಿಂದ 400 ಮೀಟರ್. ಮೊದಲ ಅಡ್ಡಿ ನಮ್ಮದೇ ಗೇಟಿನ ಮುಂದೆ. ಕಾರು ಹತ್ತಿಸೋಕೆ ಅಂತ ಯಾವನೋ ಅಯೋಗ್ಯ ಫುಟ್‌ಪಾತ್ ಒಡೆದು ಕಾಂಕ್ರೀಟಿನ ಇಳಿಜಾರು ಹಾಕಿಸಿದ್ದಾನೆ. ಹಾಕಿಸಿದವನು ನಾನೇ, ಕಾರು ತಗೊಂಡ ವರ್ಷ. ಅದನ್ನು ಬಿಡಿ. ಮುಂದೆ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಗಾಜು ಒಡೆದ ದೇವರ ಫೋಟೊಗಳು. ಆಮೇಲೆ ಚರಂಡಿಯ ಚಪ್ಪಡಿ ಒಂದು ಮಾಯ. ಜನ ಬೀಳದಿರಲಿ ಅಂತ ಯಾರೋ ಪುಣ್ಯಾತ್ಮರು ಗುಂಡಿಗೆ ಒಂದು ಕೊಂಬೆ ಸಿಕ್ಕಿಸಿದ್ದರು. ಆ ಕೊಂಬೆ ಈಗ ಚಿಗುರಿದೆ. ಅದರಾಚೆ ಮರದಿಂದ ಇಳಿಬಿದ್ದ ಕೇಬಲ್ಲಿನ ಸುರುಳಿ, ಸರಿಯಾಗಿ ಮೊಮ್ಮಗಳ ಕುತ್ತಿಗೆಯ ಮಟ್ಟಕ್ಕೆ. ಕೊನೆಗೆ, ಬೈಕುಗಳು ಹತ್ತಬಾರದು ಅಂತ ನೆಟ್ಟ ಕಬ್ಬಿಣದ ಕಂಬಗಳು. ಅವುಗಳ ನಡುವೆ ಬೈಕು ನುಸುಳುತ್ತೆ, ಸ್ಟ್ರಾಲರ್ ನುಸುಳಲ್ಲ.

ಹಾಗೆ ನುಸುಳಿದ ಬೈಕೊಂದು ನನ್ನ ಬೆನ್ನಿಗೆ ಬಂದು ಹಾರ್ನ್ ಹೊಡೆಯಿತು. ಹೆಲ್ಮೆಟ್ ಮೊಣಕೈಯಲ್ಲಿ ನೇತಾಡ್ತಿತ್ತು. "ಅಂಕಲ್, ಗಾಡಿನೆಲ್ಲ ಫುಟ್‌ಪಾತ್ ಮೇಲೆ ಯಾಕೆ ತರ್ತೀರಾ?" ಅಂದ. ನಾನು ಸಾರಿ ಅಂದೆ. ಅಂದ ಮೇಲೆ ಯಾಕಂದೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ವಿದೇಶಿ ಹುಡುಗನೊಬ್ಬ ಮೆಜೆಸ್ಟಿಕ್ ಹತ್ತಿರ ಫುಟ್‌ಪಾತ್ ಮೇಲೆ ನಡೆಯೋಕೆ ಪಟ್ಟ ಪಾಡಿನ ವಿಡಿಯೊ ನೀವೂ ನೋಡಿರುತ್ತೀರಿ. ಎಲ್ಲರೂ ನಕ್ಕರು, ಹಂಚಿಕೊಂಡರು. ಅವನ ಕೈಯಲ್ಲಿ ಸದ್ಯ ಮಗು ಇರಲಿಲ್ಲ.

ಅಂದಹಾಗೆ ಈ ಮಡಚುವ ಗಾಡಿಯನ್ನು ಕಂಡುಹಿಡಿದವನೂ ನನ್ನ ಹಾಗೆ ಒಬ್ಬ ತಾತ. ಇಂಗ್ಲೆಂಡಿನ ಓವೆನ್ ಮ್ಯಾಕ್ಲಾರೆನ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಇಳಿಚಕ್ರಗಳ ಕೆಲಸ ಮಾಡಿದ ಎಂಜಿನಿಯರ್. ಮೊಮ್ಮಗುವಿನ ಜೊತೆ ಬಂದ ಮಗಳು ದೊಡ್ಡ ಗಾಡಿ ಎಳೆದಾಡಿ ಒದ್ದಾಡೋದು ನೋಡಲಾರದೆ, 1965ರಲ್ಲಿ ಅಲ್ಯೂಮಿನಿಯಂ ಕೊಳವೆಯಿಂದ ಛತ್ರಿ ತರ ಮಡಚುವ ಗಾಡಿ ಮಾಡಿದ. ತೂಕ ಮೂರು ಕಿಲೋ ಒಳಗೇ. ಎಲ್ಲಾ ಸರಿ. ಆದರೆ ವಿಮಾನದ ಚಕ್ರ ಮಾಡಿದವನ ತಲೆಯಲ್ಲಿ ರನ್‌ವೇ ಇರುತ್ತೆ ಅಲ್ವಾ? ಇಳಿದರೆ ನುಣುಪಾದ ನೆಲ ಇದ್ದೇ ಇರುತ್ತೆ ಅಂತ ನಂಬಿದ ಮನುಷ್ಯ ಅವನು. ಬೆಂಗಳೂರಿನಲ್ಲಿ ನಮ್ಮ ಮೊಮ್ಮಗಳ ಗಾಡಿ ನಿಜವಾಗಿ ಓಡಿದ್ದು ಎರಡೇ ಕಡೆ. ಒಂದು ಮಾಲ್. ಇನ್ನೊಂದು ದೇವನಹಳ್ಳಿ ಹತ್ತಿರದ ವಿಮಾನ ನಿಲ್ದಾಣ. ಮಗುವಿಗೆ ಗಾಳಿ ಬೇಕು ಅಂದರೆ ಟಿಕೆಟ್ ತೆಗೆಸಬೇಕು.

ಗಾಡಿಯ ಬಗ್ಗೆ ನನಗೆ ಸಿಕ್ಕ ಅತ್ಯುತ್ತಮ ವಿಮರ್ಶೆ ನಮ್ಮ ಬೀದಿಗೆ ಸೊಪ್ಪು ತರುವವನದು. ದಂಟಿನ ಸೊಪ್ಪಿನ ಕಂತೆ ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕೂತು, ಮುಂದಿನ ಚಕ್ರವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ. ಆಮೇಲೆ ತನ್ನ ಗಾಡಿ ತೋರಿಸಿದ. ಸೈಕಲ್ ಚಕ್ರ, ಮೊಣಕಾಲು ಮೀರಿದ ಎತ್ತರ, ಒಂದು ಕಡೆ ಟೈರಿನ ಮೇಲೆ ಇನ್ನೊಂದು ಟೈರು ಸುತ್ತಿದ್ದ. "ಸಾರ್, ಚಕ್ರ ಚಿಕ್ಕದಾಯ್ತು. ಈ ರೋಡಿಗೆ ಇಷ್ಟು ದೊಡ್ಡದು ಬೇಕು. ಫುಟ್‌ಪಾತ್ ಕಡೆ ತಲೆ ಹಾಕಲೇಬೇಡಿ, ಮಧ್ಯದಲ್ಲಿ ಹೋಗಿ. ಮಧ್ಯದಲ್ಲಿ ಹೋದ್ರೆ ಎಲ್ರಿಗೂ ಕಾಣ್ತೀರ." ಮೂರು ವಾರ ಮಗಳು ಓದಿದ್ದರಲ್ಲಿ ಇಷ್ಟು ತೂಕದ ಮಾತು ಒಂದೂ ಇರಲಿಲ್ಲ. "ಕೊತ್ತಂಬರಿ ಬೇಕಾ?" ಅಂತ ಕೇಳಿ ಎದ್ದು ಹೋದ.

ಹಾಗಂತ ಸರ್ಕಾರಕ್ಕೆ ಚಕ್ರದ ಮೇಲೆ ಪ್ರೀತಿ ಇಲ್ಲ ಅನ್ನೋ ಹಾಗಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿಯಲ್ಲಿ ಸುರಂಗ ಕೊರೆಯುವ ಯೋಜನೆ ಇದೆ, ಸಾವಿರಾರು ಕೋಟಿಯದು. ನೆಲದ ಮೇಲೆ ಒಂದು ಚಪ್ಪಡಿ ಹಾಕೋದು ಬಹಳ ಸಣ್ಣ ಕೆಲಸ, ಅದಕ್ಕೆ ಯಾರನ್ನ ಕರೆಯೋದು ಅಂತ ಸಂಕೋಚ ಇರಬೇಕು. 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆದವು. ಈಗ ನಮ್ಮ ಗುಂಡಿಗೆ ಹೊಸ ವಿಳಾಸ ಇದೆ. ಕೊಂಬೆ ಮಾತ್ರ ಹಳೇದು.

ನಿಯಮ ಇಲ್ಲ ಅಂತಲೂ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆ ಬರೆದಿಟ್ಟಿದೆ. ಮನೆಗಳಿರೋ ಬೀದಿಯಲ್ಲೂ ನಡೆಯೋರಿಗೆ ಅಡ್ಡಿ ಇಲ್ಲದ 1.8 ಮೀಟರ್ ಅಗಲ ಇರಬೇಕು, ಫುಟ್‌ಪಾತಿನ ಅಂಚು ರಸ್ತೆಯಿಂದ 150 ಮಿಲಿಮೀಟರಿಗಿಂತ ಎತ್ತರ ಇರಬಾರದು ಅಂತ. ನಾನು ಟೇಪು ಹಿಡಿದು ನಮ್ಮ ತಿರುವಿನಲ್ಲಿ ಅಳೆದೆ. 340. ಅಳೆಯೋದನ್ನ ನೋಡಿ ಇಬ್ಬರು ಬಂದು, "ಏನ್ ಸಾರ್, ರೋಡ್ ಅಗಲ ಮಾಡ್ತಾರಾ?" ಅಂತ ಗಾಬರಿಯಾಗಿ ಕೇಳಿದರು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು, ಸರಿಯಾದ ಫುಟ್‌ಪಾತ್ ಅನ್ನೋದು ಸಂವಿಧಾನದ 21ನೇ ವಿಧಿಯ ಹಕ್ಕಿನಲ್ಲೇ ಬರುತ್ತೆ ಅಂತ. ಅಂದರೆ ಬದುಕುವ ಹಕ್ಕು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ಮೇಷ್ಟ್ರಿದ್ದಾರೆ. ಗಾಲಿಕುರ್ಚಿಯಲ್ಲಿ ಕೂತು ಹನ್ನೊಂದು ವರ್ಷ ಆಯ್ತು. ಗೇಟಿನವರೆಗೆ ಬರ್ತಾರೆ, ಅಲ್ಲಿಂದಲೇ ಪೇಪರಿನವನ ಜೊತೆ ಮಾತಾಡ್ತಾರೆ, ಒಳಗೆ ಹೋಗ್ತಾರೆ. ನನ್ನ ಸ್ಟ್ರಾಲರ್ ನೋಡಿ ನಕ್ಕು, "ಎರಡು ವರ್ಷ ತಾನೇ, ಆಮೇಲೆ ನಡೀತಾಳೆ ಬಿಡಿ" ಅಂದರು. ಇದರಲ್ಲಿ ತಮಾಷೆ ಹುಡುಕೋಕೆ ನನ್ನಿಂದ ಆಗ್ತಿಲ್ಲ ರೀ. ಒಂದು ಚಪ್ಪಡಿ, ಒಂದು ಸಣ್ಣ ಇಳಿಜಾರು. ಹನ್ನೊಂದು ವರ್ಷದಿಂದ ಒಬ್ಬ ಮನುಷ್ಯ ಗೇಟು ದಾಟಿಲ್ಲ. ಯಾರಿಗೂ ನಾಚಿಕೆ ಆಗಲ್ಲ, ನನಗೂ ಇಷ್ಟು ದಿನ ಆಗಿರಲಿಲ್ಲ.

ಪಾರ್ಕಿನ ಗೇಟು ಹೇಗಿದೆ ಅಂತ ಹೇಳೋದು ಮರೆತೆ. ದನ ನುಗ್ಗದ ಹಾಗೆ ಸುತ್ತು ಹಾಕಿಸಿದ್ದಾರೆ, ಒಬ್ಬೊಬ್ಬರೇ ಅಡ್ಡಡ್ಡ ಹೋಗಬೇಕು. ಹಾಗಾಗಿ ಅಷ್ಟೂ ಸಾಹಸ ಮಾಡಿ ತಲುಪಿದ ಮೇಲೂ ಮೊಮ್ಮಗಳನ್ನು ಇಳಿಸಿ ಕಂಕುಳಿಗೇರಿಸಿ, ಗಾಡಿ ಮಡಚಿ ತಲೆ ಮೇಲೆ ಎತ್ತಿ ಒಳಗೆ ಹೋದೆ. ಒಂದೇ ಕೈಯಲ್ಲಿ ಮಡಚಬಹುದು ಅಂದಿದ್ದು ಮಾತ್ರ ಸುಳ್ಳಲ್ಲ.

ಈಗ ಗಾಡಿಗೊಂದು ಕೆಲಸ ಸಿಕ್ಕಿದೆ. ನೀರಿನ ಕ್ಯಾನಿನ ಹುಡುಗ ಲಿಫ್ಟ್‌ವರೆಗೆ ಬರಲ್ಲ, ಗೇಟಲ್ಲೇ ಇಳಿಸಿ ಹೋಗ್ತಾನೆ. ಗೇಟಿನಿಂದ ಲಿಫ್ಟಿಗೆ ನಮ್ಮ ನೆಲಮಾಳಿಗೆ ನುಣುಪಾಗಿದೆ. 20 ಲೀಟರಿನ ಕ್ಯಾನನ್ನು ಸ್ಟ್ರಾಲರಲ್ಲಿ ಕೂರಿಸಿ, ಐದು ಬೆಲ್ಟೂ ಹಾಕಿ, ಬಿಸಿಲು ಬೀಳದ ಹಾಗೆ ಮೇಲಿನ ಚಾವಣಿ ಎಳೆದು, ಬಲಗೈಯಲ್ಲಿ ತಳ್ಳಿಕೊಂಡು ಬರ್ತೀನಿ. ಎಡ ಸೊಂಟದ ಮೇಲೆ ಮೊಮ್ಮಗಳು. ಕ್ಯಾನಿನ ಕಡೆ ಬೆರಳು ತೋರಿಸಿ, "ಪಾಪು" ಅಂತಾಳೆ.