ಬೆಳಗಿನ ಧ್ವನಿ ಬದಲಾದಾಗ ನಾವು ಆಡಿದ ಮಾತುಗಳು

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕದಲ್ಲಿ, ಒಂದು ರೇಡಿಯೊ ಇದೆ. ಅದರ ಏರಿಯಲ್ ಮುರಿದು ಎಷ್ಟೋ ವರ್ಷವಾಯಿತು. ಆ ಜಾಗಕ್ಕೆ ತಾಮ್ರದ ತಂತಿಯೊಂದನ್ನು ಸುತ್ತಿ, ಅದರ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದೇವೆ. ಎಪ್ಪತ್ತೆಂಟು ವರ್ಷದ ನನ್ನ ಅಮ್ಮ ಬೆಳಗ್ಗೆ ಒಲೆ ಹಚ್ಚುವ ಮೊದಲು ಅದರ ಕಿವಿ ತಿರುಗಿಸುತ್ತಾರೆ. ಈಚೆಗೆ ಒಂದು ಬೆಳಗ್ಗೆ ನಾನು ಎದ್ದು ಬರುವಾಗ ರೊಟ್ಟಿ ತಟ್ಟುವ ಸದ್ದು ಮಾತ್ರ ಕೇಳಿಸುತ್ತಿತ್ತು. ಯಾಕಮ್ಮ, ರೇಡಿಯೊ ಹಾಕಿಲ್ಲವೇ ಎಂದು ಕೇಳಿದೆ. "ಹಾಕಿದ್ದೆ. ಬೇರೆ ಯಾರೋ ಬಂದಿದ್ದಾರೆ. ಆ ಪುಣ್ಯಾತ್ಮ ಎಲ್ಲಿಗೆ ಹೋದನೋ, ಹೋಗುವಾಗ ಒಂದು ಮಾತೂ ಹೇಳಲಿಲ್ಲ" ಎಂದರು. ಆ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಮನೆಗೆ ಬಂದು ಹೋಗುತ್ತಿದ್ದ ನೆಂಟನೊಬ್ಬ ಹೇಳದೆ ಕೇಳದೆ ಊರು ಬಿಟ್ಟಾಗ ಆಗುವಂಥ ನೋವಿತ್ತು.

ಅಮ್ಮ ಹೇಳಿದ್ದು ಆಕಾಶವಾಣಿಯಲ್ಲಿ ವರ್ಷಗಟ್ಟಲೆ ಬೆಳಗ್ಗೆ ಮಾತನಾಡಿ ಈಗ ನಿವೃತ್ತರಾದ ಹಿರಿಯ ಉದ್ಘೋಷಕರೊಬ್ಬರ ಬಗ್ಗೆ. ಯಾವ ನಿಲಯ ಎಂಬುದನ್ನಾಗಲಿ, ಆ ಉದ್ಘೋಷಕರ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಯಾರಿಗೂ ಮುಜುಗರ ಮಾಡುವುದು ನನ್ನ ಉದ್ದೇಶವಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಮನೆ ಗುಡ್ಡದ ಯಾವ ಮಗ್ಗುಲಿಗಿದೆ ಎಂಬುದರ ಮೇಲೆ ಯಾವ ನಿಲಯ ಸಿಗುತ್ತದೆ ಎಂಬುದು ನಿಂತಿದೆ. ಹಾಸನದ 102.2 ಕೇಳಿಕೊಂಡು ಬಂದವರಿದ್ದಾರೆ, ಭದ್ರಾವತಿಯ 675 ಕಿಲೋಹರ್ಟ್ಸ್ ಕೇಳಿ ಬೆಳೆದವರಿದ್ದಾರೆ, ರಾತ್ರಿ ಹೊತ್ತು ಬೆಂಗಳೂರಿನ 612ಕ್ಕೆ ಮುಳ್ಳು ಸರಿಸುತ್ತಿದ್ದವರೂ ಇದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ, ಮೊಬೈಲಿನ ಸಿಗ್ನಲ್ಲೂ ಸತ್ತು, ಮೂರು ನಾಲ್ಕು ದಿನ ಹೊರಗಿನ ಲೋಕದ ಸಂಪರ್ಕವೇ ಇಲ್ಲದಿದ್ದಾಗ ಎರಡು ಸೆಲ್ಲಿನ ಬಲದಲ್ಲಿ ನಮ್ಮ ಮನೆಯೊಳಗೆ ಮಾತನಾಡುತ್ತಿದ್ದುದು ಆ ಒಂದು ಧ್ವನಿ ಮಾತ್ರ. ಅಪ್ಪ ತೀರಿಕೊಂಡ ವರ್ಷದ ಆಷಾಢದಲ್ಲಿ ಅಮ್ಮ ಇಡೀ ದಿನದಲ್ಲಿ ಕೇಳಿಸಿಕೊಳ್ಳುತ್ತಿದ್ದ ಗಂಡು ಧ್ವನಿ ಅದೊಂದೇ ಆಗಿತ್ತು. ಆದ್ದರಿಂದ "ಒಬ್ಬ ಉದ್ಘೋಷಕ ನಿವೃತ್ತನಾದರೆ ಅದೇನು ದೊಡ್ಡ ವಿಷಯ" ಎಂದು ಕೇಳುವವರ ಜೊತೆ ವಾದಿಸಲು ನನಗೆ ಮನಸ್ಸಿಲ್ಲ.

ನಾನು ಬರೆಯಬೇಕೆಂದಿರುವುದು ಆಮೇಲೆ ನಡೆದದ್ದರ ಬಗ್ಗೆ. ಆ ಹಿರಿಯ ಉದ್ಘೋಷಕರ ಜಾಗಕ್ಕೆ ಒಬ್ಬರಲ್ಲ, ಸರದಿಯ ಮೇಲೆ ಐದು ಧ್ವನಿಗಳು ಬಂದವು. ಅವುಗಳಲ್ಲಿ ಒಂದು ಉತ್ತರ ಕರ್ನಾಟಕದ ಕಡೆಯ ತರುಣಿಯೊಬ್ಬರದು. ಕೇಳುಗರ ಅಸಮಾಧಾನವೆಲ್ಲ ಹೇಗೋ ಅವರೊಬ್ಬರ ತಲೆಯ ಮೇಲೆ ಬಂದು ಕುಳಿತಿತು. ಆಲ್ದೂರಿನಿಂದ ಬರುವ ಬಸ್ಸಿನಲ್ಲಿ, ಸೊಸೈಟಿಯ ಮುಂದಿನ ಸಾಲಿನಲ್ಲಿ, ಹಾಸನದಲ್ಲಿ ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ ಎರಡು ವಾರ ಇದೇ ಮಾತನ್ನು ಕೇಳಿದೆ. ಅವರ ಕನ್ನಡ ನಮ್ಮ ಕಡೆಯದಲ್ಲ ಎಂದು ಒಬ್ಬರು. ನಗು ಜಾಸ್ತಿಯಾಯಿತು ಎಂದು ಇನ್ನೊಬ್ಬರು. ಭಕ್ತಿಗೀತೆಗೆ ಮುಂಚೆ ಅಷ್ಟು ಲವಲವಿಕೆ ಯಾಕೆ ಎಂದು ಮತ್ತೊಬ್ಬರು. ಪತ್ರ ಬರೆದ ಕೇಳುಗರ ವಿಳಾಸ ಓದುವಾಗ ಅವರು ಒಮ್ಮೆ "ಕೊಪ್ಪ" ಎನ್ನುವ ಕಡೆ "ಕೊಪ್ಪಳ" ಎಂದುಬಿಟ್ಟರು, ಮರುಕ್ಷಣವೇ ತಿದ್ದಿಕೊಂಡು ಕ್ಷಮೆ ಕೇಳಿದರು. ತಿದ್ದಿಕೊಂಡದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಆ ಹುಡುಗಿ ಯಾರನ್ನೋ ಹಿಡಿದು ಒಳಗೆ ಬಂದಿರಬೇಕು ಎಂಬ ಮಾತೂ ಪಂಕ್ತಿಯಲ್ಲಿ ಬಂತು. ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ ದಾಟದೆ ಆಕಾಶವಾಣಿಯ ಮೈಕಿನ ಮುಂದೆ ಯಾರೂ ಕೂರಲಾರರು ಎಂಬುದು ಗೊತ್ತಿದ್ದವರೂ ಆಗ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಈ ಬರಹಕ್ಕೆ ಕಾರಣವೂ ಅದೇ.

ಸುಮ್ಮನಿದ್ದದ್ದಕ್ಕಿಂತ ದೊಡ್ಡ ತಪ್ಪೂ ನನ್ನಿಂದ ಆಗಿತ್ತು. ನಾನು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಕನ್ನಡ ಪಾಠ ಮಾಡಿದವಳು. ಉಚ್ಚಾರಣೆ ಸಡಿಲವಾದರೆ ನನ್ನ ಕಿವಿ ತಾನಾಗಿ ಚುರುಕಾಗುತ್ತದೆ. ಮೂರು ಬೆಳಗ್ಗೆ ರೇಡಿಯೊ ಪಕ್ಕ ಪೆನ್ಸಿಲ್ ಹಿಡಿದು ಕುಳಿತು ಆ ತರುಣಿಯ ತಪ್ಪುಗಳನ್ನು ಪಟ್ಟಿ ಮಾಡಿದೆ. ಆಮೇಲೊಂದು ದಿನ ಆ ಹಾಳೆಯನ್ನು ತೆಗೆದು ನೋಡಿದರೆ ಅದರಲ್ಲಿದ್ದದ್ದು ಏಳು ಸಾಲು. ಅದರಲ್ಲಿ ತಪ್ಪು ಎಂದು ನಾನು ವಿದ್ಯಾರ್ಥಿಯ ಪುಸ್ತಕದಲ್ಲಿ ಗುರುತು ಹಾಕಬಹುದಾದದ್ದು ಎರಡು. ಉಳಿದ ಐದೂ ಅವರ ಊರಿನ ಕನ್ನಡದ ಎಳೆತ, ಒತ್ತು, ಪದದ ಕೊನೆಯ ಎಕಾರ ತುಸು ಇಕಾರದ ಕಡೆಗೆ ವಾಲುವ ರೀತಿ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಅವರು ಒಂದು ಕಡೆಯೂ ಎಡವಿರಲಿಲ್ಲ. ನಮ್ಮ ಸೀಮೆಯಲ್ಲಿ ಹಕಾರಕ್ಕೆ ಅಕಾರವನ್ನೂ ಅಕಾರಕ್ಕೆ ಹಕಾರವನ್ನೂ ಆಡುವ ಮಕ್ಕಳನ್ನು ಬದುಕಿಡೀ ತಿದ್ದಿದ ನಾನು, ಹಕಾರವನ್ನು ಅಷ್ಟು ಸ್ಫುಟವಾಗಿ ಹೇಳುವ ಹೆಣ್ಣುಮಗಳ ತಪ್ಪು ಹುಡುಕಲು ಕುಳಿತಿದ್ದೆ. ಹಿರಿಯರ ಕನ್ನಡದಲ್ಲೂ ನಮ್ಮ ಕಡೆಯ ಎಳೆತ ಧಾರಾಳವಾಗಿತ್ತು. ಅದು ನಮ್ಮದಾಗಿದ್ದರಿಂದ ನಮಗೆ ಕೇಳಿಸುತ್ತಿರಲಿಲ್ಲ, ಅಷ್ಟೆ.

ರಾಷ್ಟ್ರೀಯ ಬಾನುಲಿಯಲ್ಲಿ ಹೊಸ ಉಚ್ಚಾರಣೆ ಕೇಳಿದಾಗ ಕೇಳುಗರು ಮುನಿಸಿಕೊಳ್ಳುವುದು ಹಳೆಯ ಕಥೆ. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಬಿಬಿಸಿ ತನ್ನ ರಾಷ್ಟ್ರೀಯ ವಾರ್ತೆ ಓದಲು ಯಾರ್ಕ್‌ಷೈರಿನ ವಿಲ್‌ಫ್ರೆಡ್ ಪಿಕಲ್ಸ್ ಎಂಬವರನ್ನು ಕರೆತಂದಿತು. ಅದುವರೆಗೆ ಲಂಡನ್ನಿನ ಸುಶಿಕ್ಷಿತರ ಒಂದೇ ಬಗೆಯ ಇಂಗ್ಲಿಷಿಗೆ ಒಗ್ಗಿದ್ದ ಕಿವಿಗಳಿಗೆ ಉತ್ತರ ಇಂಗ್ಲೆಂಡಿನ ಆ ಮಾತು ಹಿಡಿಸಲಿಲ್ಲ. ಇಂಥ ಉಚ್ಚಾರಣೆಯಲ್ಲಿ ಓದಿದರೆ ಸುದ್ದಿಯನ್ನೇ ನಂಬಲಾಗುವುದಿಲ್ಲ ಎಂದು ಆಕ್ಷೇಪಿಸಿದವರಿದ್ದರು. ಒಂದು ವರ್ಷ ಮೊದಲಷ್ಟೇ, ಶತ್ರುಗಳು ನಕಲಿ ವಾರ್ತೆ ಓದಿದರೆ ಜನ ಗುರುತು ಹಿಡಿಯಲಿ ಎಂದು, ಅಲ್ಲಿನ ವಾಚಕರು ತಮ್ಮ ಹೆಸರು ಹೇಳಿ ವಾರ್ತೆ ಓದಲು ಆರಂಭಿಸಿದ್ದರು. ಪರಿಚಿತ ಧ್ವನಿಯೇ ಸತ್ಯದ ಗುರುತು ಎಂದು ನಂಬಿದ್ದ ಕಾಲದಲ್ಲಿ ಅಪರಿಚಿತ ಧ್ವನಿ ಅನುಮಾನ ಹುಟ್ಟಿಸಿದ್ದು ಸಹಜ ಎಂದೇ ನನಗನ್ನಿಸುತ್ತದೆ. ಮುಂದೆ ಅದೇ ಪಿಕಲ್ಸ್ ಊರೂರಿಗೆ ಹೋಗಿ ಸಾಮಾನ್ಯ ಜನರನ್ನು ಮಾತನಾಡಿಸುತ್ತಿದ್ದ ರಸಪ್ರಶ್ನೆ ಕಾರ್ಯಕ್ರಮ 1946ರಿಂದ 1967ರವರೆಗೆ ನಡೆಯಿತು. ಜನ ಅದನ್ನು ಮೆಚ್ಚಿದ್ದೂ ಆ ಉಚ್ಚಾರಣೆಯ ಆತ್ಮೀಯತೆಗಾಗಿಯೇ.

ನಮ್ಮಲ್ಲೂ ಉದಾಹರಣೆಗೆ ಬರವಿಲ್ಲ. 2024ರ ಫೆಬ್ರವರಿಯಲ್ಲಿ ಹಿಂದಿ ರೇಡಿಯೊದ ಹೆಸರಾಂತ ನಿರೂಪಕ ಅಮೀನ್ ಸಯಾನಿಯವರು ತೀರಿಕೊಂಡಾಗ ನಮ್ಮ ಜಿಲ್ಲೆಯಲ್ಲೂ ಹಿಂದಿ ಬಾರದ ಹಿರಿಯರು ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ. ಆ ಸಯಾನಿಯವರೇ ತರುಣರಾಗಿದ್ದಾಗ ಆಕಾಶವಾಣಿಯ ಹಿಂದಿ ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. ಅವರ ಹಿಂದಿಯಲ್ಲಿ ಗುಜರಾತಿ ಮತ್ತು ಇಂಗ್ಲಿಷಿನ ಛಾಯೆ ಹೆಚ್ಚಾಗಿದೆ ಎಂಬುದು ಅಂದಿನ ಕಾರಣ. ಆಮೇಲೆ 1952ರಲ್ಲಿ ರೇಡಿಯೊ ಸಿಲೋನಿನಲ್ಲಿ ಶುರುವಾದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಅವರನ್ನು ದೇಶದ ಮನೆಮನೆಗೆ ತಲುಪಿಸಿತು. ಕಿವಿಗೆ ರೂಢಿಯಾದ ಮೇಲೆ ಯಾವುದು ಕೊರತೆ, ಯಾವುದು ಸೊಗಸು ಎಂದು ವಿಂಗಡಿಸುವುದು ಕಷ್ಟ. ಸಂಸ್ಕೃತದ ಒಂದಕ್ಷರ ಬಾರದ ನನ್ನ ಅಜ್ಜಿ ಆಕಾಶವಾಣಿಯ ಸಂಸ್ಕೃತ ವಾರ್ತೆಯ ಆರಂಭವನ್ನು "ಇಯಮ್ ಆಕಾಶವಾಣೀ" ಎಂಬಲ್ಲಿಂದ "ಪ್ರವಾಚಕಃ ಬಲದೇವಾನಂದಸಾಗರಃ" ಎಂಬಲ್ಲಿಯವರೆಗೆ ಅದೇ ಏರಿಳಿತದಲ್ಲಿ ಹೇಳುತ್ತಿದ್ದರು. ಅರ್ಥದ ಹಂಗಿಲ್ಲದೆ ಬರೀ ಧ್ವನಿಯಾಗಿಯೇ ಆ ವಾಚಕರು ಅವರಿಗೆ ಪರಿಚಿತರಾಗಿದ್ದರು.

ಈ ರೂಢಿಯಾಗಲು ಹೊಸಬರಿಗೆ ನಾವು ಎಷ್ಟು ಕಾಲ ಕೊಡುತ್ತಿದ್ದೇವೆ? ಇಲ್ಲಿ ವ್ಯವಸ್ಥೆಯ ಮಾತೂ ಬರುತ್ತದೆ. ಖಾಯಂ ಉದ್ಘೋಷಕರು ಅರವತ್ತಕ್ಕೆ ನಿವೃತ್ತರಾಗುತ್ತ ಹೋದಂತೆ ಆಕಾಶವಾಣಿಯ ನಿಲಯಗಳು ಹೆಚ್ಚುಹೆಚ್ಚಾಗಿ ತಾತ್ಕಾಲಿಕ ಉದ್ಘೋಷಕರ ಮೇಲೆ ನಡೆಯುತ್ತಿವೆ. ಒಬ್ಬ ತಾತ್ಕಾಲಿಕ ಉದ್ಘೋಷಕರಿಗೆ ತಿಂಗಳಿಗೆ ಸಿಗುವುದು ಹೆಚ್ಚೆಂದರೆ ಆರು ಪಾಳಿ. ಆರೂ ಬೆಳಗಿನ ಪಾಳಿಯೇ ಆದರೂ ವರ್ಷಕ್ಕೆ ಎಪ್ಪತ್ತೆರಡು ದಿನವಾಯಿತು. ಹಿರಿಯರು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ, ವಾರದ ಬಹುಪಾಲು ದಿನ, ನಮ್ಮ ಒಲೆಯ ಮುಂದೆ ಮಾತನಾಡಿ ಕಟ್ಟಿಕೊಂಡ ನೆಂಟಸ್ತಿಕೆಯನ್ನು ಈ ಹೆಣ್ಣುಮಗಳು ಐದು ದಿನಕ್ಕೊಮ್ಮೆ ಬಂದು ಎರಡು ವಾರದಲ್ಲಿ ಕಟ್ಟಬೇಕು ಎಂದು ನಾವು ಬಯಸಿದೆವು. ಅವರು ಇದೇ ಸಂಭಾವನೆಯನ್ನು ನಂಬಿ ಬದುಕುವಂತಿಲ್ಲ. ಹಗಲು ಬೇರೆ ಕೆಲಸ ಮಾಡಿ, ಬೆಳಗಿನ ಪಾಳಿಗೆಂದು ಕತ್ತಲಲ್ಲೇ ಮನೆ ಬಿಟ್ಟು, ಐದೂ ಐವತ್ತೈದರ ಸಂಕೇತ ರಾಗಕ್ಕೆ ಮೊದಲೇ ಮೈಕಿನ ಮುಂದೆ ಇರಬೇಕು. ಲವಲವಿಕೆ ಜಾಸ್ತಿಯಾಯಿತು ಎಂದು ದೂರಿದವರು, ಆ ಹೊತ್ತಿನಲ್ಲಿ ಲವಲವಿಕೆಯನ್ನು ಎಲ್ಲಿಂದ ತರುತ್ತಾರೆ ಎಂದು ಕೇಳಿಕೊಳ್ಳಲಿಲ್ಲ.

ನಿಜವಾದ ದೂರು ಬೇರೆ ಕಡೆಗೆ ಹೋಗಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಮ್ಮನ ಮೊದಲ ಮಾತಿನಲ್ಲೇ ಅದಿತ್ತು: ಒಂದು ಮಾತೂ ಹೇಳಲಿಲ್ಲ. ಹಿರಿಯರು ಕೊನೆಯ ಬಾರಿ ಮಾತನಾಡಿದ ದಿನ ಅದು ಕೊನೆಯದೆಂದು ಕೇಳುಗರಿಗೆ ಗೊತ್ತಿರಲಿಲ್ಲ. ಎಂದಿನಂತೆ ಹಾಡು ಹಾಕಿದರು, ಎಂದಿನಂತೆ ಸಮಯ ಹೇಳಿದರು, ಮರುದಿನ ಇರಲಿಲ್ಲ. ನಿಲಯದೊಳಗೆ ಹಾರ ತುರಾಯಿ ಹಾಕಿ ಬೀಳ್ಕೊಟ್ಟಿರಬಹುದು. ಅವರು ಯಾರಿಗಾಗಿ ಮಾತನಾಡಿದರೋ ಅವರಿಗೆ ಆ ಬೀಳ್ಕೊಡುಗೆಯಲ್ಲಿ ಪಾಲಿರಲಿಲ್ಲ. ಬ್ರಿಟನ್ನಿನ ಬಿಬಿಸಿ ರೇಡಿಯೊ 2ರಲ್ಲಿ ಮೂವತ್ತೊಂದು ವರ್ಷ ಹಗಲಿನ ಕಾರ್ಯಕ್ರಮ ನಡೆಸಿದ್ದ ಕೆನ್ ಬ್ರೂಸ್ 2023ರಲ್ಲಿ ಅದನ್ನು ಬಿಟ್ಟು ಖಾಸಗಿ ವಾಹಿನಿಗೆ ಹೋದರು. ಮಾರ್ಚ್ ಕೊನೆಯವರೆಗೆ ಇರುತ್ತೇನೆ ಎಂದುಕೊಂಡಿದ್ದ ಅವರನ್ನು ಮಾರ್ಚ್ 3ಕ್ಕೇ ಮುಗಿಸುವಂತೆ ಮಾಡಲಾಯಿತು. ಅಲ್ಲಿನ ಕೇಳುಗರು ಸಿಟ್ಟಾದದ್ದು ಆ ಅವಸರಕ್ಕೂ ಸೇರಿ. ಮೇ ತಿಂಗಳಲ್ಲಿ ಬಂದ ವರ್ನನ್ ಕೇ ಎಂಬ ಹೊಸ ನಿರೂಪಕರು ಆ ಸಿಟ್ಟನ್ನೂ ಹೊರಬೇಕಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಕೇಳುಗರು ಆ ಹೊತ್ತಿನ ಕಾರ್ಯಕ್ರಮವನ್ನು ಬಿಟ್ಟುಹೋದರು. ಕನಿಷ್ಠ ಅಲ್ಲಿ ಕೊನೆಯ ದಿನ ಯಾವುದು ಎಂದು ಕೇಳುಗರಿಗೆ ಗೊತ್ತಿತ್ತು. ರೇಡಿಯೊ ಮುಂದೆ ಕುಳಿತು ಒಂದು ನಮಸ್ಕಾರ ಹೇಳಲು ಅವರಿಗೆ ಅವಕಾಶ ಸಿಕ್ಕಿತು.

ನಮ್ಮ ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಹಣ್ಣು ಕೊಯ್ಲಿಗೆಂದು ಬಂದು ಉಳಿದಿರುವ ಉತ್ತರ ಕರ್ನಾಟಕದ ಎರಡು ಸಂಸಾರಗಳಿವೆ. ಅವರ ರೇಡಿಯೊ ಅವರ ಫೋನು. ಮೊನ್ನೆ ನೇರ ಫೋನ್ ಕಾರ್ಯಕ್ರಮದಲ್ಲಿ, ನಮ್ಮವರಲ್ಲ, ಬಾಳೆಹೊನ್ನೂರಿನ ಕಡೆಯ ತೋಟವೊಂದರಿಂದ ಒಬ್ಬ ಹೆಂಗಸು ಕರೆ ಮಾಡಿದ್ದರು. ಮೊದಲು ಬಹಳ ಅಂಜುತ್ತಲೇ ಮಾತನಾಡಿದರು; ಯಾವ ಹಾಡು ಬೇಕೆಂದು ಹೇಳಲೂ ತಡವರಿಸಿದರು. ಉದ್ಘೋಷಕಿ ಒಂದು ಕ್ಷಣ ತಡೆದು, ಬರೆದಿಟ್ಟುಕೊಂಡ ಕನ್ನಡವನ್ನು ಬದಿಗಿಟ್ಟು, "ಅಕ್ಕಾರ, ನೀವು ಯಾವೂರವ್ರು? ಅಲ್ಲಿ ಮಳಿ ಹ್ಯಾಂಗ ಐತ್ರಿ?" ಎಂದು ಕೇಳಿದರು. ಆ ಕಡೆಯ ಧ್ವನಿ ಒಮ್ಮೆಗೇ ಸಡಿಲವಾಯಿತು. ಮಳೆಯ ವಿಷಯ ಬಂತು, ಊರಿನಲ್ಲಿ ಬಿಟ್ಟುಬಂದ ಮಗಳ ವಿಷಯ ಬಂತು, ಆ ಮಗಳಿಗಾಗಿಯೇ ಒಂದು ಹಾಡು ಬೇಕೆಂದೂ ಹೇಳಿದರು. ಹಿರಿಯ ಉದ್ಘೋಷಕರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅವರ ಜೊತೆ ಆ ಹೆಂಗಸು ಇಷ್ಟು ಮಾತನಾಡುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಕಾಫಿ ಕೊಯ್ಯುವ ಕೈಗಳು ಎಲ್ಲಿಂದಾದರೂ ಬರಬಹುದು, ಬೆಳಗ್ಗೆ ಸಮಯ ಹೇಳುವ ಧ್ವನಿ ಮಾತ್ರ ನಮ್ಮ ಕಡೆಯದೇ ಆಗಿರಬೇಕು ಎಂದು ಹಟ ಹಿಡಿಯುವುದು ನ್ಯಾಯವಲ್ಲ.

ಅಮ್ಮ ಆ ಹೊತ್ತು ಅಡುಗೆಮನೆಯಲ್ಲೇ ಇದ್ದರು. ರೇಡಿಯೊ ಹಾಕಿದ್ದು ನಾನು. ಅವರೇನೂ ಹೇಳಲಿಲ್ಲ, ಹಾಡು ಮುಗಿಯುವವರೆಗೆ ಅದನ್ನು ಆರಿಸಲೂ ಇಲ್ಲ. ಅವರಿಗೆ ಈಗಲೂ ಹಳೆಯ ಧ್ವನಿಯೇ ಬೇಕು; ಅದು ಅವರ ಹಕ್ಕು, ಬದಲಿಸಲು ನಾನು ಪ್ರಯತ್ನಿಸುವುದಿಲ್ಲ.

ನಿಲಯಕ್ಕೆ ನಿನ್ನೆ ಒಂದು ಅಂಚೆ ಕಾರ್ಡು ಬರೆದೆ. ನಿವೃತ್ತರಾದ ಹಿರಿಯರನ್ನು ಒಂದು ಬೆಳಗ್ಗೆ ಹದಿನೈದು ನಿಮಿಷಕ್ಕೆ ಕರೆಸಿ, ಆ ಐದು ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಬಾಯಿಂದಲೇ ಕೇಳುಗರಿಗೆ ಪರಿಚಯ ಮಾಡಿಸಿ ಎಂದು ಕೇಳಿದ್ದೇನೆ. ಇದಕ್ಕೆ ಖರ್ಚಿಲ್ಲ, ದೆಹಲಿಯ ಅನುಮತಿಯೂ ಬೇಕಾಗಲಾರದು. ಈ ಬರಹ ಓದಿದವರಲ್ಲಿ ರೇಡಿಯೊ ಕೇಳುವವರು ನಿಮ್ಮ ನಿಮ್ಮ ನಿಲಯಕ್ಕೆ ಹೀಗೇ ಬರೆಯಿರಿ. ಹೊಸಬರ ಉಚ್ಚಾರಣೆಯಲ್ಲಿ ನಿಜವಾದ ತಪ್ಪು ಕಂಡರೆ ಅದನ್ನೂ ಪತ್ರದಲ್ಲೇ, ಅವರಿಗೇ, ಮರ್ಯಾದೆಯಿಂದ ಬರೆಯಿರಿ. ನಾನೂ ಆ ಏಳರಲ್ಲಿ ಎರಡನ್ನು ಬರೆದಿದ್ದೇನೆ. ಕಾರ್ಡಿನಲ್ಲಿ ಇನ್ನೂ ಒಂದು ಸಾಲಿನಷ್ಟು ಜಾಗ ಉಳಿದಿತ್ತು. ಏನಾದರೂ ಸೇರಿಸಬೇಕೇ ಎಂದು ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಆ ಪುಣ್ಯಾತ್ಮ ಹುಷಾರಾಗಿದ್ದಾನೋ ಇಲ್ಲವೋ ಕೇಳು" ಎಂದರು.