ಮಾವನವರ ಜಳಕ

ನಮ್ಮ ವಿಜಯಪುರದ ಓಣಿಯಲ್ಲಿ ಯಾರಾದರೂ "ನಳ ಬಂತು!" ಅಂತ ಕೂಗಿದರೆ ಮುಗೀತು. ರೊಟ್ಟಿ ತುತ್ತು ಬಾಯಲ್ಲೇ ಉಳಿಯುತ್ತದೆ, ಕೈ ಕೊಡಕ್ಕೆ ಹೋಗುತ್ತದೆ. ಹಿಡಿದ ನೀರನ್ನು ಎರಡು ಸಲ ಬಳಸಬೇಕು ಅಂತ ನಮ್ಮ ಮನೆಯಲ್ಲಿ ಕಾನೂನು ಮಾಡಿದವನು ನಾನು. ಯಾರೂ ಕೇಳಿರಲಿಲ್ಲ.

ಮೊದಲು ಹೋದದ್ದು ತುಳಸಿ. ಆರ್‌ಓ ಮಷೀನು ಒಂದು ಲೀಟರ್ ಕುಡಿಯೋ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಅದನ್ನೆಲ್ಲ ಹಿಡಿದು ಭಕ್ತಿಯಿಂದ ಕಟ್ಟೆಗೆ ಹಾಕಿದೆ. ತಿಂಗಳೊಳಗೆ ಎಲೆ ಸುಟ್ಟಂಗಾಯಿತು. ಮಷೀನು ಬೇರ್ಪಡಿಸಿದ ಉಪ್ಪೆಲ್ಲ ಅದೇ ನೀರಲ್ಲಿರುತ್ತದೆ ಅಂತ ಆಮೇಲೆ ಹೊಳೆಯಿತು. "ತುಳಸಿಗೆ ಉಪ್ಪಿನಕಾಯಿ ಹಾಕಿದ್ರಿ" ಅಂದಳು ಹೆಂಡತಿ. ಈಗ ಆ ನೀರು ನೆಲ ಒರೆಸಲು.

ಮೇ ತಿಂಗಳಲ್ಲಿ ಜಮಖಂಡಿ ಕಡೆಯಿಂದ ಮಾವನವರು ಬಂದರು. ಹೊಳೆ ದಂಡೆಯ ಮನುಷ್ಯ, ಮುಖ ತೊಳೆಯಲು ಅರ್ಧ ಕೊಡ ಬೇಕು. ಬುದ್ಧಿ ಹೇಳುವ ಧೈರ್ಯ ಇಲ್ಲ. ಹಾಗಾಗಿ ಸಂಜೆ ನಮ್ಮೂರ ಹಳೇ ದೊಡ್ಡ ಬಾವಿ, ತಾಜ್ ಬಾವಡಿಗೆ ಕರೆದೊಯ್ದೆ. 1620ರಲ್ಲಿ ಕಟ್ಟಿದ್ದು ಅಂದೆ. ಆದಿಲ್‌ಶಾಹಿಗಳು ತೊರವಿಯಿಂದ ನೆಲದಡಿಯ ಸುರಂಗದಲ್ಲಿ ಊರಿಗೆ ನೀರು ತಂದದ್ದು, ನೀರಿನ ಒತ್ತಡ ತಗ್ಗಿಸಲು ನಡುನಡುವೆ ಗಂಜ್ ಅನ್ನೋ ಗೋಪುರ ಕಟ್ಟಿದ್ದು, ಎಲ್ಲ ವಿವರಿಸಿದೆ. ಅವರು ಹೂಂಗುಟ್ಟಿದರು. ಗಿರ್ಮಿಟ್ ಎಲ್ಲಿ ಸಿಗತದ ಅಂತ ಕೇಳಿದರು.

ಆ ದಿನ ಬಿಳಿ ಧೋತರಕ್ಕೆ ನೀಲಿ ಹಾಕಿ ಜಾಲಾಡಿದ ನೀರು ಸಂಡಾಸಿಗೆ ಅಂತ ಬಚ್ಚಲಲ್ಲಿ ಕೆಂಪು ಬಕೀಟಲ್ಲಿಟ್ಟಿದ್ದೆ. ಪಕ್ಕದ ನೀಲಿ ಬಕೀಟಲ್ಲಿ ಒಳ್ಳೆ ನೀರು. ಮಲಗುವಾಗ ಮಾವನವರಿಗೆ ಹೇಳಿದೆ, "ಮುಂಜಾನೆ ಜಳಕಕ್ಕ ಹೋದ್ರ ನೀಲಿ ಬಕೀಟು ಮುಟ್ಟಬ್ಯಾಡ್ರಿ."

ನನ್ನ ತಲೆಯಲ್ಲಿದ್ದದ್ದು ನೀಲಿ ಹಾಕಿದ ನೀರು.

ಬೆಳಗಿನ ಐದು ಗಂಟೆ. ಕರೆಂಟಿಲ್ಲ. ಚಶ್ಮಾ ಕಿಟಕಿಯಲ್ಲಿ. ಮಾವನವರು ಮಾತು ಮೀರುವವರಲ್ಲ. ನೀಲಿ ಬಕೀಟನ್ನು ಕಾಲಿಂದ ಆಚೆ ಸರಿಸಿ, ಕೆಂಪು ಬಕೀಟಿನ ನೀರನ್ನು ಚರಿಗೆಗಟ್ಟಲೆ ತಲೆ ಮೇಲೆ ಸುರಿದುಕೊಂಡರು.

ಬೆಳಕಾದಾಗ ಚಹಾಕ್ಕೆ ಬಂದು ಕೂತರು. ಹತ್ತಿಯಂಥ ತಲೆ ತಿಳಿನೀಲಿ. ಮೀಸೆ ಇನ್ನೂ ಸ್ವಲ್ಪ ಗಾಢ. ಮಗಳು ಕನ್ನಡಿ ಹಿಡಿದಳು. ಮಾವನವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡು, ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದು ಹೇಳಿದರು: "ಅಳಿಯಂದ್ರ, ನಿಮ್ಮೂರಿಗೆ ಕೃಷ್ಣಾ ನೀರು ಬರ್ತದ ಅಂತ ಗೊತ್ತಿತ್ತು. ಮೈಮ್ಯಾಲೆ ಹಾಕ್ಕೊಂಡ್ರ ಕೃಷ್ಣನಽ ಆಗ್ತಾರ ಅಂತ ಗೊತ್ತಿರಲಿಲ್ಲ."

ಬಣ್ಣ ಬಿಡಿಸಲು ಮೂರು ಬಕೀಟು ಒಳ್ಳೆ ನೀರು ಖರ್ಚಾಯಿತು. ಆ ನೀರನ್ನೂ ಹಿಡಿಯೋಣ ಅಂತ ಟಬ್ ತಗೊಂಡು ಬಚ್ಚಲ ಬಾಗಿಲಿಗೆ ಹೋದೆ. ಹೆಂಡತಿ ಮಾತಾಡಲಿಲ್ಲ. ಟಬ್ ಕಸಿದುಕೊಂಡಳು, ಅಷ್ಟೇ.