ಏನಾದರೂ ಮಾಡು

ಅಡುಗೆ ಮಾಡುವುದಕ್ಕೆ ಕೈ ಸಾಕು, ಏನು ಅಡುಗೆ ಎಂದು ತೀರ್ಮಾನಿಸುವುದಕ್ಕೆ ಎದೆಗಾರಿಕೆ ಬೇಕು. ಹೆಚ್ಚುವುದು, ಬೇಯಿಸುವುದು, ಪಾತ್ರೆ ತಿಕ್ಕುವುದು ಇವೆಲ್ಲ ಕೆಲಸವೆಂದು ಮನೆಯವರೆಲ್ಲ ಒಪ್ಪುತ್ತಾರೆ. ಸಹಾಯಕ್ಕೆ ಬರದಿದ್ದರೂ ಒಪ್ಪುವುದನ್ನಂತೂ ಒಪ್ಪುತ್ತಾರೆ. ಆದರೆ ಅದಕ್ಕೂ ಮೊದಲು ಒಬ್ಬರು ಫ್ರಿಜ್ಜಿನ ಬಾಗಿಲು ಹಿಡಿದು ನಿಂತು, ಒಳಗೇನಿದೆ, ಅದರಲ್ಲಿ ಇವತ್ತೇ ಮುಗಿಸಬೇಕಾದ್ದು ಯಾವುದು, ನಿನ್ನೆ ಉಂಡದ್ದೇನು, ಯಾರಿಗೆ ಯಾವುದು ಸೇರುವುದಿಲ್ಲ, ತಿಂಗಳು ಮುಗಿಯಲು ಇನ್ನೆಷ್ಟು ದಿನವಿದೆ ಎಂದು ಒಂದೇ ಉಸಿರಿನಲ್ಲಿ ಲೆಕ್ಕ ಹಾಕುತ್ತಾರಲ್ಲ, ಅದು ಯಾರ ಕಣ್ಣಿಗೂ ಕೆಲಸವಾಗಿ ಕಾಣುವುದಿಲ್ಲ. ನೋಡುವವರಿಗೆ ಅದು ಕರೆಂಟು ದಂಡ ಮಾಡುವ ಭಂಗಿ. "ಬಾಗಿಲು ಹಾಕಬಾರದಾ?" ಎಂಬ ಉಪದೇಶ ಬೆನ್ನ ಹಿಂದಿನಿಂದ ಬರುತ್ತದೆ.

ಉಪದೇಶ ಕೊಟ್ಟವರನ್ನೇ ತಿರುಗಿ, "ಸರಿ, ರಾತ್ರಿಗೆ ಏನು ಮಾಡಲಿ, ನೀವೇ ಹೇಳಿ" ಎಂದು ಕೇಳಿ ನೋಡಿ. "ಏನಾದರೂ ಮಾಡು" ಎನ್ನುತ್ತಾರೆ. ಇಷ್ಟು ಉದಾರಿಗಳು ಸಿಕ್ಕರಲ್ಲ ಎಂದು ಹಿಗ್ಗಬೇಡಿ. ತಟ್ಟೆ ಮುಂದೆ ಬಂದಾಗ "ಓ, ಇದಾ?" ಎನ್ನುವವರೂ ಅವರೇ.

ಈ ತಲೆನೋವನ್ನು ಗಣಿತಕ್ಕೆ ದಾಟಿಸಿ ನೋಡಿದವರಿದ್ದಾರೆ. ಮುಂದೆ 1982ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಪಡೆದ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಸುಮಾರು 70 ಕೆ.ಜಿ. ತೂಗುವ ಒಬ್ಬ ಗಂಡಸಿಗೆ ವರ್ಷವಿಡೀ ಬೇಕಾದ ಶಕ್ತಿ, ಪ್ರೋಟೀನು, ಕ್ಯಾಲ್ಸಿಯಂ, ಕಬ್ಬಿಣ, ವಿಟಮಿನ್ನುಗಳೆಲ್ಲ ಸಿಗಬೇಕು, ಖರ್ಚು ಮಾತ್ರ ಇದಕ್ಕಿಂತ ಇಳಿಯಲಾರದು ಅನ್ನುವಷ್ಟು ಕಡಿಮೆ ಇರಬೇಕು. 77 ಪದಾರ್ಥಗಳನ್ನು ಮುಂದಿಟ್ಟುಕೊಂಡು ಅಳೆದು ತೂಗಿ ಅವರು ಕೊನೆಗೆ ಉಳಿಸಿಕೊಂಡದ್ದು ಐದೇ ಐದು: ಗೋಧಿ ಹಿಟ್ಟು, ಡಬ್ಬಿಯಲ್ಲಿ ಬರುವ ಗಟ್ಟಿ ಹಾಲು, ಎಲೆಕೋಸು, ಪಾಲಕ್, ಒಣಗಿಸಿದ ಬೀನ್ಸ್ ಕಾಳು. 1939ರ ಬೆಲೆಯಲ್ಲಿ ವರ್ಷಕ್ಕೆ ತಗಲುವುದು 39 ಡಾಲರ್ 93 ಸೆಂಟು. 1947ರಲ್ಲಿ ಗಣಿತಜ್ಞ ಜಾರ್ಜ್ ಡಾಂಟ್ಸಿಗ್ ಆಗಷ್ಟೇ ರೂಪಿಸಿದ್ದ ಹೊಸ ವಿಧಾನದಲ್ಲಿ ಇದೇ ಲೆಕ್ಕವನ್ನು ಮತ್ತೆ ಬಿಡಿಸಿದರು. ಒಂಬತ್ತು ಗುಮಾಸ್ತರು ಮೇಜಿನ ಮೇಲಿನ ಲೆಕ್ಕದ ಯಂತ್ರಗಳ ಮುಂದೆ ಕೂತು, ಒಟ್ಟು 120 ಆಳುದಿನಗಳಷ್ಟು ದುಡಿದು, ಖರ್ಚನ್ನು 39 ಡಾಲರ್ 69 ಸೆಂಟಿಗೆ ಇಳಿಸಿದರು. ಉಳಿತಾಯ 24 ಸೆಂಟು. ಅಷ್ಟು ದಿನ ಆ ಒಂಬತ್ತು ಮಂದಿ ಮಧ್ಯಾಹ್ನಕ್ಕೆ ಏನು ತಿಂದರು ಎಂಬುದು ಲೆಕ್ಕದಲ್ಲಿ ಸೇರಿಲ್ಲ. ಹಿಟ್ಟು, ಕೋಸು, ಕಾಳು ಇಷ್ಟೇ ಆಗಿರಲಾರದು.

ಸ್ಟಿಗ್ಲರ್ ಜಾಣರು. ಇದನ್ನು ಯಾರಿಗೂ ಉಣ್ಣಿ ಎಂದು ಅವರು ಹೇಳಲಿಲ್ಲ. ಡಾಂಟ್ಸಿಗ್ ಮಾತ್ರ ತಮ್ಮ ಗಣಿತವನ್ನು ತಮ್ಮ ಹೊಟ್ಟೆಯ ಮೇಲೇ ಪ್ರಯೋಗಿಸಿದರು. 1950ರ ದಶಕದ ಆರಂಭದಲ್ಲಿ ವೈದ್ಯರು ತೂಕ ಇಳಿಸಿ ಎಂದಾಗ, ಹೊಟ್ಟೆ ತುಂಬಿದಂತೆಯೂ ಆಗಬೇಕು, ಕ್ಯಾಲೊರಿಯೂ ಮಿತಿಯಲ್ಲಿರಬೇಕು ಎಂದು ಕಂಪ್ಯೂಟರಿಗೆ ಲೆಕ್ಕ ಕೊಟ್ಟರು. ಯಂತ್ರ ಕೊಟ್ಟ ಊಟದ ಪಟ್ಟಿಯಲ್ಲಿ 500 ಗ್ಯಾಲನ್ ವಿನೆಗರ್ ಇತ್ತು! ನೀರನ್ನು ಕಳೆದು ಉಳಿಯುವ ತೂಕವೇ ಹೊಟ್ಟೆ ತುಂಬಿಸುವುದು ಎಂದು ಅವರು ಸೂತ್ರ ಮಾಡಿದ್ದರು. ಕೋಷ್ಟಕದಲ್ಲಿ ವಿನೆಗರಿಗೆ ನೀರಿನಂಶವೇ ಇಲ್ಲ ಎಂದಿತ್ತು. ಯಂತ್ರಕ್ಕೆ ಅಷ್ಟೇ ಸಾಕಾಯಿತು. ವಿನೆಗರ್ ತೆಗೆದುಹಾಕಿದರೆ ಮುಂದಿನ ಪಟ್ಟಿಯಲ್ಲಿ ನೀರಿನಲ್ಲಿ ಕರಗಿಸಿ ಸೂಪು ಮಾಡುವ ಗಟ್ಟಿ ತುಣುಕುಗಳು ದಿನಕ್ಕೆ 200 ಬಂದವು. ಅದಕ್ಕೂ ಕಡಿವಾಣ ಹಾಕಿದರೆ ಗೋಧಿಯ ಹೊಟ್ಟು. ಕೊನೆಗೆ ಇದನ್ನೆಲ್ಲ ನೋಡುತ್ತಿದ್ದ ಅವರ ಹೆಂಡತಿ ಆನ್, ಯಂತ್ರದಿಂದ ಒಂದಿಷ್ಟು ವಿಚಾರ ಸಿಕ್ಕಿತು, ಇನ್ನು ನಾನೇ ಪಟ್ಟಿ ಹಾಕುತ್ತೇನೆ ಎಂದರಂತೆ. ಡಾಂಟ್ಸಿಗ್ 22 ಪೌಂಡು ಇಳಿದರು.

ಆನ್‌ಗೆ ತಿಳಿದಿದ್ದದ್ದೂ ಯಂತ್ರಕ್ಕೆ ತಿಳಿಯದಿದ್ದದ್ದೂ ಒಂದೇ, ಈ ಮನುಷ್ಯ ಏನು ತಿನ್ನುತ್ತಾನೆ ಅನ್ನುವುದು. ಅಗ್ಗದ ಅಡುಗೆಯ ಬಗ್ಗೆ ಎಷ್ಟೇ ಬುದ್ಧಿಮಾತು ಕೇಳಿದರೂ ನಾನು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಅಂಗಡಿಯ ಚೀಟಿ ನೋಡಿದರೆ ಅಗ್ಗ ತಿಳಿಯುವುದಿಲ್ಲ, ತಟ್ಟೆ ತೊಳೆಯುವಾಗ ತಿಳಿಯುತ್ತದೆ. ಅರ್ಧ ಬೆಲೆಗೆ ತಂದ ತರಕಾರಿಯನ್ನು ಯಾರೂ ಮುಟ್ಟದೆ ಕಸದ ಡಬ್ಬಿಗೆ ಸುರಿದರೆ ಅದು ಆ ವಾರದ ಅತಿ ದುಬಾರಿ ಅಡುಗೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು, ಮನೆಗಳಲ್ಲಿ ದಂಡವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60ರಷ್ಟು ಮನೆಗಳದ್ದೇ ಪಾಲು, ತಲೆಗೆ ವರ್ಷಕ್ಕೆ 79 ಕೆ.ಜಿ. ಸಿಪ್ಪೆ, ದಂಟು, ಮೂಳೆ ಎಲ್ಲವೂ ಆ ತೂಕದಲ್ಲಿ ಸೇರಿವೆ, ನಿಜ. ಆದರೂ ಒಬ್ಬ ದೊಡ್ಡ ಆಳಿನ ತೂಕದಷ್ಟು ಸಾಮಾನು ಹೊತ್ತು ತಂದು, ತೊಳೆದು, ಜೋಡಿಸಿಟ್ಟು, ಆಮೇಲೆ ಮರ್ಯಾದೆಯಿಂದ ಹೊರಗೆ ಕಳಿಸುವ ಶ್ರಮ ಸಣ್ಣದಲ್ಲ.

ಆದ್ದರಿಂದ ಯೋಜನೆ ಅಂಗಡಿಯಿಂದ ಶುರುವಾಗಬಾರದು, ಮನೆಯ ಮೂಲೆಯಿಂದ ಶುರುವಾಗಬೇಕು. ಪಾಕಪುಸ್ತಕ ತೆರೆದು, ಅದರಲ್ಲಿ ಬರೆದದ್ದನ್ನೆಲ್ಲ ಪಟ್ಟಿ ಮಾಡಿ, ಪಟ್ಟಿ ಹಿಡಿದು ಹೊರಟವರು ಒಂದು ಚಮಚದ ಅಗತ್ಯಕ್ಕೆ ಒಂದು ಬಾಟಲಿ ಕೊಂಡು ಬರುತ್ತಾರೆ. ಉಳಿದ ಬಾಟಲಿ ಮುಂದಿನ ವರ್ಷ ಶುಚಿ ಮಾಡುವಾಗ ಕೈಗೆ ಸಿಗುತ್ತದೆ. ಕೈ ಪಳಗಿದವರು ಉಲ್ಟಾ ಹೋಗುತ್ತಾರೆ. ಮೆತ್ತಗಾಗುತ್ತಿರುವ ಟೊಮೆಟೊ ಇದೆ, ಅರ್ಧ ಕೋಸು ಇದೆ, ನಾಲ್ಕು ಮೊಟ್ಟೆ ಇವೆ. ಇವುಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲು ಇನ್ನೇನು ಬೇಕು ಎಂದು ಯೋಚಿಸಿ ಅದೊಂದನ್ನೇ ತರುತ್ತಾರೆ. ಬಾಡಿದ ಸೊಪ್ಪನ್ನು ಕಂಡು ಇವರು ಎದೆಗುಂದುವುದಿಲ್ಲ. ಬಾಡುವುದೆಂದರೆ ಎಲೆಯಿಂದ ನೀರು ಹೋಗಿರುವುದಷ್ಟೇ, ಕೊಳೆತಿರುವುದಲ್ಲ. ಸ್ವಲ್ಪ ಹೊತ್ತು ತಣ್ಣೀರಿನಲ್ಲಿ ಅದ್ದಿಟ್ಟರೆ ಎಷ್ಟೋ ಸಲ ಮತ್ತೆ ತಲೆ ಎತ್ತುತ್ತದೆ.

ಬಡವರ ಮುಂದೆ ಈ ಪಾಠ ಒಪ್ಪಿಸುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಊಟಕ್ಕೇ ಹೋಗುವ ಪಾಲು ಹೆಚ್ಚು ಎಂದು ಜರ್ಮನಿಯ ಎರ್ನ್ಸ್ಟ್ ಎಂಗೆಲ್ 1857ರಲ್ಲೇ ಅಂಕಿಅಂಶ ಸಮೇತ ತೋರಿಸಿದರು. ಹಾಗೆ ಬದುಕುವವರು ಒಂದು ಹಿಡಿ ಕಾಳನ್ನೂ ಲೆಕ್ಕವಿಲ್ಲದೆ ಪಾತ್ರೆಗೆ ಹಾಕುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಅವರಿಗೆ ಹೇಳುವುದು, ಚಾಪೆಯ ಉದ್ದವನ್ನು ಗೇಣು ಹಾಕಿ ಬಲ್ಲವರಿಗೆ ಅಳತೆ ಕಲಿಸಲು ಹೋಗುವುದು. ಕಲಿಯಬೇಕಾದವರು ಫ್ರಿಜ್ಜು ತುಂಬಿಸಿಟ್ಟುಕೊಂಡು, ತಿನ್ನಲು ಏನೂ ಇಲ್ಲ ಎಂದು ಫೋನಿನಲ್ಲಿ ಊಟ ತರಿಸುವ ನಾವು.

ಅಗ್ಗದ ಅಡುಗೆಯ ಬೆನ್ನೆಲುಬು ಕಾಳು. ಒಣಗಿದಾಗ ವರ್ಷಗಟ್ಟಲೆ ಕೂರುತ್ತದೆ, ನೆನೆಸಿ ಬೇಯಿಸಿದರೆ ತೂಕ ದುಪ್ಪಟ್ಟಿಗೂ ಮೀರುತ್ತದೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಪ್ರೋಟೀನಿನ ಘಟಕ ಕಾಳಿನಲ್ಲಿ ಧಾರಾಳ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನೀನ್ ಎಂಬ ಇನ್ನೊಂದು ಘಟಕ ಧಾನ್ಯದಲ್ಲಿದೆ. ಪ್ರೋಟೀನಿನ ಮಟ್ಟಿಗೆ ಇವೆರಡರ ಜೋಡಿ ಚೆನ್ನಾಗಿ ಕೂಡಿಬರುತ್ತದೆ. ಕೆಂಪು ರಾಜ್ಮಾ ಕಾಳೊಂದು ಮಾತ್ರ ಸ್ವಲ್ಪ ಮುಂಗೋಪಿ. ಹಸಿಯಾಗಿಯೋ ಅರೆಬೆಂದೋ ಹೊಟ್ಟೆಗೆ ಹೋದರೆ ವಾಂತಿ, ಭೇದಿ ತರಿಸುವ ಲೆಕ್ಟಿನ್ ಎಂಬ ವಿಷ ಅದರಲ್ಲಿದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷವಾದರೂ ಕೊತಕೊತ ಕುದಿಸಲೇಬೇಕು. ಕುದಿಯ ಬಿಂದು ಮುಟ್ಟದ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೂ ವಿಷ ಇಳಿಯುವುದಿಲ್ಲ.

ಹೀಗೆ ಒಂದು ದೊಡ್ಡ ಪಾತ್ರೆ ಕಾಳು ಬೇಯಿಸಿಟ್ಟರೆ ಮೂರು ಹೊತ್ತು ನಿಶ್ಚಿಂತೆ ಎಂದು ಪುಸ್ತಕಗಳು ಹೇಳುತ್ತವೆ. ಪುಸ್ತಕಗಳಿಗೆ ಮಕ್ಕಳಿಲ್ಲ. ಎರಡನೇ ಹೊತ್ತಿಗೇ "ಮತ್ತೆ ಅದೇನಾ?" ಶುರುವಾಗುತ್ತದೆ. ಇದು ಬರೀ ಹಟವೂ ಅಲ್ಲ. ತಿನ್ನುತ್ತಾ ಹೋದಂತೆ ಆ ಒಂದು ರುಚಿಯ ಮೇಲಿನ ಆಸೆ ಇಳಿಯುತ್ತದೆ, ಬೇರೆ ರುಚಿಯ ಮೇಲಿನದು ಹಾಗೇ ಉಳಿದಿರುತ್ತದೆ. 1980ರ ದಶಕದಿಂದ ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. ಹೊಟ್ಟೆ ಬಿರಿಯುವಷ್ಟು ಉಂಡವರೂ ಸಿಹಿ ಬಂದಾಗ ಸರಿದು ಜಾಗ ಮಾಡಿಕೊಡುವುದು ಇದೇ ಕಾರಣಕ್ಕೆ. ಹಾಗಾಗಿ ಬೇಯಿಸುವಾಗ ಪೂರ್ತಿ ಮಸಾಲೆ ಹಾಕಿ ಮುಗಿಸಿಬಿಡಬಾರದು. ಕಾಳನ್ನು ಸಪ್ಪೆಯಾಗಿಯೇ ಇಟ್ಟುಕೊಂಡರೆ ಒಂದು ಹೊತ್ತು ತೆಳ್ಳಗೆ ಹುಳಿಖಾರ ಬೆರೆಸಿ, ಇನ್ನೊಂದು ಹೊತ್ತು ಆಲೂಗಡ್ಡೆ ಜೊತೆ ಕಿವುಚಿ ಬಾಣಲೆಯಲ್ಲಿ ಕೆಂಪಗೆ ಸುಟ್ಟು, ಮತ್ತೊಂದು ಹೊತ್ತು ತಣ್ಣಗೆ ಈರುಳ್ಳಿ, ನಿಂಬೆರಸದ ಜೊತೆ ಬಡಿಸಬಹುದು. ವೇಷ ಬದಲಾದರೆ ಪಾತ್ರಧಾರಿ ಯಾರೆಂದು ಮನೆಯವರು ಕೇಳುವುದಿಲ್ಲ. ಕೇಳಿದರೂ ಬಾಯಿ ತುಂಬಿರುತ್ತದೆ. ಮಕ್ಕಳ ವಿಷಯದಲ್ಲಿ ಇನ್ನೂ ಸ್ವಲ್ಪ ತಾಳ್ಮೆ ಬೇಕು. ಹೊಸ ಪದಾರ್ಥವನ್ನು ಎಂಟು ಹತ್ತು ಸಲ ರುಚಿ ನೋಡಿದ ಮೇಲೆ ಒಗ್ಗಿಸಿಕೊಳ್ಳುವ ಮಕ್ಕಳು ಬಹಳ. ನಾವು ಮೂರನೆಯ ಸಲಕ್ಕೇ "ಇವನಿಗೆ ಸೊಪ್ಪು ಆಗಲ್ಲ" ಎಂದು ಊರಿಗೆಲ್ಲ ಸಾರಿ ಮುಗಿಸಿರುತ್ತೇವೆ.

ಒಲೆಯ ಖರ್ಚನ್ನು ಯಾರೂ ಊಟದ ಖರ್ಚಿಗೆ ಸೇರಿಸುವುದಿಲ್ಲ. ಕುದಿ ಬಂದ ಮೇಲೂ ಉರಿ ದೊಡ್ಡದಾಗಿಟ್ಟು, ಬೇಗ ಬೇಯಲಿ ಎಂದು ಕಾಯುವ ಭಕ್ತರಿದ್ದಾರೆ. ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯಲು ಶುರುವಾದರೆ ಅದರಿಂದ ಮೇಲಕ್ಕೆ ಹೋಗುವುದಿಲ್ಲ, ಎಷ್ಟು ಉರಿ ಕೊಟ್ಟರೂ ಆವಿಯಾಗುತ್ತದೆ, ಅಷ್ಟೇ. ಶಾಖ ಅದನ್ನು ದಾಟಬೇಕಾದರೆ ಆವಿಯನ್ನು ಕಟ್ಟಿಹಾಕಬೇಕು. ಆ ಕೆಲಸ ಮಾಡುವ ಮುಚ್ಚಿದ ಪಾತ್ರೆಯನ್ನು ಡೆನಿಸ್ ಪಾಪಿನ್ 1679ರಲ್ಲೇ ಮಾಡಿ ತೋರಿಸಿದರು. ಇವತ್ತಿನ ಕುಕ್ಕರಿನೊಳಗೆ ಅದು 120 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಕುಕ್ಕರ್ ಇಲ್ಲದಿದ್ದರೆ ಮುಚ್ಚಳವಾದರೂ ಇರಲಿ, ಕುದಿ ಬಂದೊಡನೆ ಉರಿ ಸಣ್ಣದಾಗಲಿ.

ಉಳಿದದ್ದನ್ನು ಬಳಸುವುದರಲ್ಲೂ ಒಂದು ಗೆರೆ ಇದೆ. ಉಳಿತಾಯದ ಹುಮ್ಮಸ್ಸಿನಲ್ಲಿ ಅದನ್ನು ದಾಟಿದರೆ ಮಿಕ್ಕ ದುಡ್ಡು ಔಷಧದ ಅಂಗಡಿಗೆ ಹೋಗುತ್ತದೆ. ಅನ್ನದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗಿನ ಹವೆಯಲ್ಲಿ ಗಂಟೆಗಟ್ಟಲೆ ಕೂತರೆ ಅವು ಮೊಳೆತು ವಿಷ ಕಾರುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಬಿಸಿ ಮಾಡಿದ್ದೀನಿ, ಏನೂ ಆಗಲ್ಲ" ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು. ಎರಡು ಗಂಟೆಯೊಳಗೆ, ಬೇಗ ತಣಿಯುವಂತೆ ಅಗಲವಾದ ಪಾತ್ರೆಗೆ ಹರಡಿ, 5 ಡಿಗ್ರಿ ಮೀರದ ಫ್ರಿಜ್ಜಿಗೆ ಸೇರಿಸಿದರೆ ಮಾತ್ರ ಅದು ನಾಳೆಯ ಊಟ. ಬ್ರೆಡ್ಡಿನ ಕಥೆ ಬೇರೆ. ಅದು ಫ್ರಿಜ್ಜಿನೊಳಗೆ ಹೊರಗಿಗಿಂತ ಬೇಗ ಒರಟಾಗುತ್ತದೆ. ಇಡುವುದಾದರೆ ಫ್ರೀಜರಿಗೇ ಇಡಬೇಕು.

ಅಂಗಡಿಯ ವಿಷಯ ಹೆಚ್ಚು ಹೇಳಲಾರೆ. ಅಲ್ಲಿ ಒಂದು ಕೊಂಡರೆ ಒಂದು ಉಚಿತ ಎಂಬ ಬೋರ್ಡಿನ ಮುಂದೆ ಗಟ್ಟಿಯಾಗಿ ನಿಂತವರನ್ನು ನಾನು ನೋಡಿಲ್ಲ. ಎರಡನೆಯದು ಮನೆಯಲ್ಲಿ ಖರ್ಚಾಗುವುದಾದರೆ ಸರಿ. ಎಣ್ಣೆಯ ದೊಡ್ಡ ಡಬ್ಬಿ ತೂಕದ ಲೆಕ್ಕದಲ್ಲಿ ಅಗ್ಗವಾದರೂ ತಿಂಗಳುಗಟ್ಟಲೆ ತೆರೆದಿಟ್ಟರೆ ಕಮಟು ಹಿಡಿಯುತ್ತದೆ. ಪ್ಯಾಕೆಟ್ಟಿನ ಮೇಲೆ ಇಂಥ ದಿನದೊಳಗೆ ಅತ್ಯುತ್ತಮ ಎಂದು ಬರೆದಿದ್ದರೆ ಅದು ರುಚಿ, ಗರಿಮುರಿಯ ಮಾತು. ಇಂಥ ದಿನದೊಳಗೆ ಬಳಸಿ ಎಂದಿದ್ದರೆ ಆರೋಗ್ಯದ ಮಾತು. ಮೊದಲನೆಯ ತಾರೀಕು ದಾಟಿತೆಂದು ಗಟ್ಟಿಮುಟ್ಟಾದ ಬಿಸ್ಕತ್ತನ್ನು ಎಸೆಯುವವರೇ ಎರಡನೆಯ ತಾರೀಕು ದಾಟಿದ್ದನ್ನು ಮೂಸಿ ನೋಡಿ ಒಳಗಿಡುತ್ತಾರೆ.

ಇನ್ನು ವಾರದ ಪಟ್ಟಿ. ಏಳು ದಿನಕ್ಕೆ ಏಳು ಅಡುಗೆ ಬರೆದು ಗೋಡೆಗೆ ಅಂಟಿಸಿದ ಮನೆಗಳಲ್ಲಿ ಬುಧವಾರದ ಹೊತ್ತಿಗೆ ಪಟ್ಟಿ ಒಂದು ಕಡೆ, ಒಲೆ ಇನ್ನೊಂದು ಕಡೆ ಆಗಿರುತ್ತದೆ. ಯಾರೋ ನೆಂಟರು ಬರುತ್ತಾರೆ, ಯಾರಿಗೋ ಜ್ವರ, ಯಾರೋ ಹೊರಗೇ ತಿಂದು ಬಂದು "ನನಗೆ ಬೇಡ" ಎನ್ನುತ್ತಾರೆ. ವಾರದಲ್ಲಿ ನಾಲ್ಕೈದು ದಿನಕ್ಕೆ ಮಾತ್ರ ಬರೆದು ಉಳಿದದ್ದನ್ನು ಖಾಲಿ ಬಿಡುವುದು ವಾಸಿ. ಆ ಖಾಲಿ ದಿನಗಳೇ ಡಬ್ಬಿಗಳ ತಳ ಕೆರೆದು ತೆಗೆಯುವ ದಿನಗಳು. ಪಟ್ಟಿ ಬರೆಯುವ ಸರದಿಯನ್ನೂ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ತಿರುಗಿಸಬೇಕು ಎನ್ನುತ್ತೇನೆ, ತಿಂಗಳ ಖರ್ಚಿನ ಮೊತ್ತವನ್ನೂ ಅವರ ಕೈಗೇ ಕೊಟ್ಟು. ಹತ್ತು ವರ್ಷದ ಮಗನ ಸರದಿ ಬಂದರೆ ಮೊದಲ ಎರಡು ದಿನವೂ ಕರಿದ ಆಲೂಗಡ್ಡೆಯೇ ಇರುತ್ತದೆ, ಇರಲಿ. ಮೂರನೆಯ ದಿನ ಎಣ್ಣೆಯ ಲೆಕ್ಕ ನೋಡಿ, ಕಾಳನ್ನು ಎಷ್ಟು ಹೊತ್ತು ನೆನೆಸಬೇಕು ಎಂದು ಅವನೇ ಬಂದು ಕೇಳುತ್ತಾನೆ. ಅವನಪ್ಪನ ಸರದಿಯಲ್ಲಿ ಅದು ಆಗಲು ಇನ್ನೂ ಕೆಲವು ವಾರ ಬೇಕಾಗಬಹುದು.